ವಿಜಯಪುರದಿಂದ ಸ್ಯಾನ್ ಫ್ರಾನ್ಸಿಸ್ಕೊ: ಎಷ್ಟು ದೂರ, ಎಷ್ಟು ತಾಸು?

(ವಿಜಯಪುರದ ಒಂದು ಪದವಿ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಮತ್ತು ಪಾಲಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಹಿರಿಯರಲ್ಲಿ ಹಲವರ ಮಕ್ಕಳು ಹೊರದೇಶದಲ್ಲಿದ್ದಾರೆ. ಕೆಲವರು ಹೋಗಿ ಬಂದಿದ್ದೀರಿ, ಕೆಲವರು ಪಾಸ್‌ಪೋರ್ಟ್ ಮಾಡಿಸಿ ಕಾಯುತ್ತಿದ್ದೀರಿ. ಹುಡುಗರಂತೂ ಡಿಗ್ರಿ ಮುಗಿಯುವ ಮೊದಲೇ ಅಮೆರಿಕದ ಕಾಲೇಜುಗಳ ಹೆಸರು ಬಾಯಿಪಾಠ ಮಾಡಿರುತ್ತೀರಿ. ಎಲ್ಲರೂ ಕೇಳೋದು ಒಂದೇ. ಎಷ್ಟು ದೂರ? ಎಷ್ಟು ತಾಸು?

ಮೊಬೈಲಿನಲ್ಲಿ ಹುಡುಕಿದರೆ ಉತ್ತರ ತಟ್ಟನೆ ಬರುತ್ತದೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಸುಮಾರು 14,000 ಕಿಲೋಮೀಟರ್, ಹತ್ತಿರ ಹತ್ತಿರ 17 ತಾಸು. ಈ ಎರಡು ಅಂಕಿ ಅಕ್ಕಪಕ್ಕ ಕೂತಿದ್ದರೂ ಅವುಗಳ ಹುಟ್ಟು ಬೇರೆ. ದೂರ ಭೂಮಿಯ ಆಕಾರದಿಂದ ಬರುತ್ತದೆ, ಅದು ಬದಲಾಗೋದಿಲ್ಲ. ಹೊತ್ತು ಮಾತ್ರ ಗಾಳಿಯ ಕೈಯಲ್ಲಿದೆ, ದೇಶ ದೇಶಗಳ ಜಗಳದ ಕೈಯಲ್ಲಿದೆ, ನಮ್ಮೂರಿನ ರಸ್ತೆಯ ಕೈಯಲ್ಲೂ ಇದೆ. ಅದನ್ನು ಬಿಡಿಸಿ ಹೇಳಬೇಕು ಅಂತಲೇ ಬಂದಿದ್ದೇನೆ.

ಮೊದಲು ದೂರದ ಮಾತು. ಇದಕ್ಕೆ ನಾನು ಭಾಸ್ಕರಾಚಾರ್ಯರಿಂದ ಶುರು ಮಾಡುತ್ತೇನೆ. 1114ರಲ್ಲಿ ಹುಟ್ಟಿದವರು. ತಮ್ಮ ಊರು ಸಹ್ಯಾದ್ರಿ ಸೀಮೆಯ ವಿಜ್ಜಡವಿಡ ಅಂತ ಹೇಳಿಕೊಂಡಿದ್ದಾರೆ. ಅದು ನಮ್ಮ ವಿಜಯಪುರವೇ ಅಂತ ಹಲವರು ಗುರುತಿಸಿದ್ದಾರೆ. ಮಹಾರಾಷ್ಟ್ರದ ಚಾಳೀಸಗಾಂವ್ ಕಡೆಯವರು ಅವರು ನಮ್ಮವರು ಅನ್ನುತ್ತಾರೆ. ಆ ವಾದ ಇವತ್ತಿಗೆ ಬೇಡ. 1150ರಲ್ಲಿ ಅವರು ಬರೆದ ಸಿದ್ಧಾಂತ ಶಿರೋಮಣಿಯಲ್ಲಿ ಒಂದು ಲೆಕ್ಕ ಇದೆ, ನಮಗೆ ಬೇಕಾದದ್ದು ಅದು.

ಒಂದರ ನೇರ ಉತ್ತರಕ್ಕೆ ಇನ್ನೊಂದು ಇರುವಂಥ ಎರಡು ಊರು ತಗೊಳ್ಳಿ. ಅವುಗಳ ನಡುವಿನ ದೂರ ಅಳೆಯಿರಿ. ಎರಡರ ಅಕ್ಷಾಂಶದ ವ್ಯತ್ಯಾಸ ನೋಡಿ. ಇಷ್ಟು ಅಂಶಕ್ಕೆ ಇಷ್ಟು ದೂರ ಆದರೆ 360 ಅಂಶಕ್ಕೆ ಎಷ್ಟು? ಬಂದದ್ದೇ ಭೂಮಿಯ ಸುತ್ತಳತೆ. ಸುಮ್ನೆ ತ್ರೈರಾಶಿ, ಹೈಸ್ಕೂಲಿನ ಲೆಕ್ಕ. ಅಕ್ಷಾಂಶ ತಿಳಿಯಲು ಯಂತ್ರವೇನೂ ಬೇಡ. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಅಂಶ ಮೇಲೆ ಕಾಣುತ್ತದೋ ಹೆಚ್ಚುಕಡಿಮೆ ಅಷ್ಟೇ ನಿಮ್ಮ ಊರಿನ ಅಕ್ಷಾಂಶ. ನಮ್ಮಲ್ಲಿ ಅದು ಸುಮಾರು 17 ಅಂಶದ ಎತ್ತರದಲ್ಲಿ ಕಾಣುತ್ತದೆ.

ಈಗ ಬೋರ್ಡ್ ನೋಡಿ. ಆ ಕಾಲದ ನಮ್ಮ ಜ್ಯೋತಿಷಿಗಳಿಗೆ ಗ್ರೀನಿಚ್ ಇರಲಿಲ್ಲ. ಅವರ ಮುಖ್ಯ ರೇಖಾಂಶ ಉಜ್ಜಯಿನಿಯ ಮೇಲೆ ಹಾದು ಹೋಗುತ್ತಿತ್ತು. ಉಜ್ಜಯಿನಿಯ ರೇಖಾಂಶ 75.78. ವಿಜಯಪುರದ್ದು 75.71. ಏಳೆಂಟು ಕಿಲೋಮೀಟರ್ ಆಚೀಚೆ ಬಿಟ್ಟರೆ ನಾವು ಅದೇ ಗೆರೆಯ ಮೇಲೆ ಕೂತಿದ್ದೇವೆ! ಉಜ್ಜಯಿನಿಯ ಅಕ್ಷಾಂಶ 23.18, ನಮ್ಮದು 16.83. ಕಳೆದರೆ 6.35 ಅಂಶ. ಎರಡೂ ಊರಿನ ನಡುವೆ ಆಕಾಶದ ದೂರ ಸುಮಾರು 705 ಕಿಲೋಮೀಟರ್. 705ನ್ನು 360ರಿಂದ ಗುಣಿಸಿ 6.35ರಿಂದ ಭಾಗಿಸಿ. ಸುಮಾರು 39,970 ಬರುತ್ತದೆ. ಇವತ್ತು ಉಪಗ್ರಹ ಅಳೆದು ಹೇಳುವ ಸುತ್ತಳತೆಯೂ 40,000 ಚಿಲ್ಲರೆ ಕಿಲೋಮೀಟರ್. ನಮ್ಮೂರಿನಲ್ಲಿ ಕೂತು, ನಮ್ಮೂರನ್ನೇ ಒಂದು ತುದಿ ಮಾಡಿಕೊಂಡು ಈ ಲೆಕ್ಕ ಮಾಡಬಹುದು ಅನ್ನೋದು ನನಗೆ ತುಂಬಾ ಖುಷಿಯ ವಿಷಯ.

ಅದೇ ಗ್ರಂಥದಲ್ಲಿ ಇನ್ನೊಂದು ಮಾತಿದೆ. ಭೂಮಿ ಗುಂಡಗಿದ್ದರೆ ನಮಗೆ ಯಾಕೆ ಸಪಾಟಾಗಿ ಕಾಣುತ್ತದೆ? ಯಾವ ವೃತ್ತದ್ದೇ ಆಗಲಿ, ಸುತ್ತಳತೆಯ ನೂರನೇ ಒಂದು ಪಾಲು ನೇರವಾಗಿಯೇ ಕಾಣುತ್ತದೆ ಅನ್ನುತ್ತಾರೆ ಆಚಾರ್ಯರು. ಭೂಮಿ ಬಹಳ ದೊಡ್ಡದು, ಮನುಷ್ಯ ಬಹಳ ಸಣ್ಣವನು, ಅದಕ್ಕೇ ಹಾಗೆ. 40,000ದ ನೂರನೇ ಪಾಲು 400 ಕಿಲೋಮೀಟರ್. ವಿಜಯಪುರದಿಂದ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ನೇರ ದೂರ ಸುಮಾರು 457, ಅದಕ್ಕಿಂತ ತುಸು ಜಾಸ್ತಿ ಅಷ್ಟೇ. ಅಂದರೆ ಅಲ್ಲಿಯವರೆಗೆ ಗೋಡೆಯ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದರೂ ಮೋಸ ಆಗೋದಿಲ್ಲ. ಅದರಾಚೆ ಹೋದಂತೆ ನಕ್ಷೆ ಮೋಸ ಮಾಡಲು ಶುರು ಮಾಡುತ್ತದೆ.

ತೆಳುವಾಗಿ ಬಡಿದ ಜೋಳದ ರೊಟ್ಟಿಯನ್ನು ಗಡಿಗೆಯ ಹೊಟ್ಟೆಯ ಮೇಲೆ ಹಾಸಿ ನೋಡಿ. ಅಂಚು ಮಡಚುತ್ತದೆ, ಇಲ್ಲವೇ ಹರಿಯುತ್ತದೆ. ಸಪಾಟಾದದ್ದು ಗುಂಡಗಿನದರ ಮೇಲೆ ಸರಿಯಾಗಿ ಕೂರೋದಿಲ್ಲ. ಗುಂಡಗಿನ ಭೂಮಿಯನ್ನು ಸಪಾಟು ಹಾಳೆಗೆ ಇಳಿಸುವಾಗಲೂ ಇದೇ ತೊಂದರೆ. ಶಾಲೆಯ ಗೋಡೆಯ ಮೇಲೆ ನಾವು ನೋಡುವ ನಕ್ಷೆಗಳಲ್ಲಿ ಬಹಳಷ್ಟು 1569ರಲ್ಲಿ ಮರ್ಕೇಟರ್ ಎಂಬ ನಕ್ಷೆಗಾರ ಮಾಡಿದ ಪದ್ಧತಿಯವು. ಹಡಗಿನವರಿಗೆ ದಿಕ್ಕು ಹಿಡಿಯಲು ಅದು ಬಹಳ ಅನುಕೂಲ. ಆದರೆ ಉತ್ತರಕ್ಕೆ ಹೋದಂತೆ ಅದರಲ್ಲಿ ಎಲ್ಲವೂ ಹಿಗ್ಗುತ್ತದೆ. ಗ್ರೀನ್‌ಲ್ಯಾಂಡ್ ಭಾರತಕ್ಕಿಂತ ಎಷ್ಟೋ ಪಟ್ಟು ದೊಡ್ಡದು ಅನಿಸುತ್ತದೆ. ನಿಜ ನೋಡಿದರೆ ಭಾರತವೇ ಗ್ರೀನ್‌ಲ್ಯಾಂಡಿನ ಒಂದೂವರೆ ಪಟ್ಟು.

ಆ ನಕ್ಷೆಯ ಮೇಲೆ ಬೆಂಗಳೂರಿನಿಂದ ಪೂರ್ವಕ್ಕೆ, ಶಾಂತ ಸಾಗರ ದಾಟಿ ಸ್ಯಾನ್ ಫ್ರಾನ್ಸಿಸ್ಕೊವರೆಗೆ ನೇರ ಗೆರೆ ಎಳೆದರೆ ಆ ದಾರಿ ಸುಮಾರು 16,000 ಕಿಲೋಮೀಟರ್ ಆಗುತ್ತದೆ. ನಿಜವಾದ ಅತಿ ಹತ್ತಿರದ ದಾರಿ 14,000. ಎರಡು ಸಾವಿರ ಕಿಲೋಮೀಟರಿನ ವ್ಯತ್ಯಾಸ!

ಹತ್ತಿರದ ದಾರಿ ಯಾವುದು ಅಂತ ತಿಳಿಯೋದು ಹೇಗೆ? ಕಾಲೇಜಿನವರು ಈ ಗ್ಲೋಬ್ ಕೊಟ್ಟಿದ್ದಾರೆ. ಅಡ್ಡಳತೆ 30 ಸೆಂಟಿಮೀಟರ್. ಭೂಮಿಯ ಅಡ್ಡಳತೆ ಸುಮಾರು 12,740 ಕಿಲೋಮೀಟರ್. ಅಂದರೆ ಗ್ಲೋಬಿನ ಮೇಲಿನ ಒಂದು ಸೆಂಟಿಮೀಟರ್ ಸುಮಾರು 425 ಕಿಲೋಮೀಟರಿಗೆ ಸಮ. ಇದು ಹೊಲಿಗೆಯ ದಾರ. ಮುಂದಿನ ಸಾಲಿನಿಂದ ಇಬ್ಬರು ಬನ್ನಿ. ಒಬ್ಬರು ಬೆಂಗಳೂರಿನ ಮೇಲೆ ಬೆರಳು ಒತ್ತಿ ಹಿಡಿಯಿರಿ. ಇನ್ನೊಬ್ಬರು ಸ್ಯಾನ್ ಫ್ರಾನ್ಸಿಸ್ಕೊ ಕಡೆಯಿಂದ ದಾರವನ್ನು ಬಿಗಿಯಾಗಿ ಎಳೆಯಿರಿ. ದಾರವನ್ನು ಎಲ್ಲಿಗೂ ಒತ್ತಬೇಡಿ, ಅದು ತಾನೇ ಜಾರಿ ತನ್ನ ಜಾಗ ಹುಡುಕಿಕೊಳ್ಳುತ್ತದೆ.

ನೋಡಿದಿರಾ, ದಾರ ಪೂರ್ವಕ್ಕೆ ಹೋಗಲೇ ಇಲ್ಲ. ಬೆಂಗಳೂರಿನಿಂದ ಹೆಚ್ಚುಕಡಿಮೆ ಉತ್ತರಕ್ಕೇ ಎದ್ದಿತು. ನೇಪಾಳ, ಟಿಬೆಟ್, ಮಂಗೋಲಿಯಾದ ಪಶ್ಚಿಮ ಭಾಗ, ಸೈಬೀರಿಯಾ, ಅಲಾಸ್ಕಾ, ಆಮೇಲೆ ಕೆಳಗಿಳಿದು ಕ್ಯಾಲಿಫೋರ್ನಿಯಾ. ಉತ್ತರದಲ್ಲಿ 71 ಅಂಶದ ತನಕ ಏರಿ ಇಳಿಯುತ್ತದೆ. ಈಗ ದಾರ ತೆಗೆದು ಸ್ಕೇಲಿನ ಮೇಲಿಟ್ಟು ಅಳೆಯಿರಿ. 33 ಸೆಂಟಿಮೀಟರ್. ಗುಣಿಸು 425. ಸುಮಾರು 14,000. ಮೊಬೈಲ್ ಹೇಳಿದ ಅಂಕಿಯೂ ಇದೇ. ಬಿಗಿ ಎಳೆದ ದಾರ ಹಿಡಿಯುವ ಈ ದಾರಿಗೆ ಮಹಾವೃತ್ತ ಅಂತ ಹೆಸರು. ವಿಮಾನದ ಸೀಟಿನ ಪರದೆಯ ಮೇಲೆ ದಾರಿ ಬಿಲ್ಲಿನ ಹಾಗೆ ಬಾಗಿ ಕಂಡರೆ ಪೈಲಟ್ ಸುತ್ತು ಹಾಕುತ್ತಿದ್ದಾರೆ ಅಂತ ತಿಳಿಯಬೇಡಿ. ಬಾಗಿ ಕಾಣುವುದಕ್ಕೆ ಆ ಸಪಾಟು ನಕ್ಷೆಯೇ ಕಾರಣ.

ಇಷ್ಟಾದರೂ ವಿಮಾನ ಈ ದಾರದ ಮೇಲೇ ಹಾರುತ್ತದೆ ಅನ್ನೋ ಹಾಗಿಲ್ಲ. ಟಿಬೆಟ್ಟನ್ನೇ ನೋಡಿ. ಆ ಪ್ರಸ್ಥಭೂಮಿಯ ಸರಾಸರಿ ಎತ್ತರವೇ ಸುಮಾರು 4,500 ಮೀಟರ್. ವಿಮಾನದೊಳಗಿನ ಗಾಳಿಯ ಒತ್ತಡ ಏನಾದರೂ ಇಳಿದುಹೋದರೆ ಪೈಲಟ್ ಬೇಗನೆ ಸುಮಾರು 3,000 ಮೀಟರಿಗೆ ಇಳಿಯಬೇಕು, ಜನ ಉಸಿರಾಡಬೇಕಲ್ಲ. ಟಿಬೆಟ್ ಮೇಲೆ ಅಷ್ಟು ಕೆಳಗೆ ಇಳಿಯಲು ಜಾಗವೇ ಇಲ್ಲ. ಅದಕ್ಕೇ ಹೆಚ್ಚಿನ ವಿಮಾನಗಳು ಅದನ್ನು ಬಿಟ್ಟು ಸುತ್ತು ಹಾಕಿ ಹೋಗುತ್ತವೆ.

ಇನ್ನು ದೇಶಗಳ ಜಗಳ. ಪ್ರತಿ ದೇಶಕ್ಕೂ ತನ್ನ ತಲೆಯ ಮೇಲಿನ ಆಕಾಶ ತನ್ನದು. ಬಿಡೋದಿಲ್ಲ ಅಂದರೆ ಮುಗಿಯಿತು. ಉಕ್ರೇನ್ ಯುದ್ಧ ಶುರುವಾದ ಮೇಲೆ, 2022ರಲ್ಲಿ, ರಷ್ಯಾ ಮತ್ತು ಪಶ್ಚಿಮದ ದೇಶಗಳು ಒಬ್ಬರ ವಿಮಾನವನ್ನು ಇನ್ನೊಬ್ಬರು ಬಿಡದಂತೆ ಮಾಡಿಕೊಂಡವು. ಫಿನ್‌ಲ್ಯಾಂಡಿನ ಹೆಲ್ಸಿಂಕಿಯಿಂದ ಟೋಕಿಯೋಗೆ ಫಿನ್‌ಏರ್ ವಿಮಾನ ಒಂಬತ್ತು, ಒಂಬತ್ತೂವರೆ ತಾಸಿನಲ್ಲಿ ಮುಟ್ಟುತ್ತಿತ್ತು. ಆಮೇಲೆ ಅದಕ್ಕೆ 13 ತಾಸು ಬೇಕಾಯಿತು. ಊರುಗಳು ಇದ್ದಲ್ಲೇ ಇವೆ, ದೂರ ಒಂದು ಅಂಗುಲವೂ ಬದಲಾಗಿಲ್ಲ. ನಮ್ಮ ಮಗ್ಗುಲಲ್ಲೂ ಇದೇ ಕಥೆ. 2019ರಲ್ಲಿ ಕೆಲವು ತಿಂಗಳು ಪಾಕಿಸ್ತಾನದ ಆಕಾಶ ಮುಚ್ಚಿತ್ತು. 2025ರ ಏಪ್ರಿಲ್‌ನಲ್ಲಿ ಭಾರತದ ವಿಮಾನಗಳಿಗೆ ಮತ್ತೆ ಮುಚ್ಚಿದರು. ದೆಹಲಿಯಿಂದ ಲಂಡನ್ನಿಗೋ ಅಮೆರಿಕಕ್ಕೋ ಹೊರಟ ವಿಮಾನ ಅರಬ್ಬಿ ಸಮುದ್ರದ ಕಡೆಯಿಂದ ಬಳಸಿ ಹೋಗಬೇಕಾಯಿತು.

ಈಗ ಗಾಳಿ. ನನಗೆ ಎಲ್ಲಕ್ಕಿಂತ ಇಷ್ಟದ ಭಾಗ ಇದು.

ನೆಲದಿಂದ ಒಂಬತ್ತು, ಹತ್ತು, ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊಳೆಗಳು ಹರಿಯುತ್ತವೆ. ಜೆಟ್ ಸ್ಟ್ರೀಮ್ ಅಂತಾರೆ. ತಾಸಿಗೆ 150 ಕಿಲೋಮೀಟರ್ ವೇಗ ಅಲ್ಲಿ ಮಾಮೂಲು, ಚಳಿಗಾಲದಲ್ಲಿ 300 ದಾಟುವುದೂ ಉಂಟು. ಜಪಾನಿನ ವಾಸಾಬುರೊ ಓಯಿಶಿ ಎಂಬ ಹವಾಮಾನ ವಿಜ್ಞಾನಿ 1920ರ ದಶಕದಲ್ಲೇ ಬಲೂನು ಹಾರಿಸಿ ಇದನ್ನು ಕಂಡುಹಿಡಿದಿದ್ದರು. ಅವರು ವರದಿ ಬರೆದದ್ದು ಎಸ್ಪೆರಾಂಟೊ ಎಂಬ ಕೃತಕ ಭಾಷೆಯಲ್ಲಿ. ಓದಿದವರು ಕಡಿಮೆ. ಪಾಪ, ಅವರಿಗೆ ಸಿಗಬೇಕಾದ ಹೆಸರು ಸಿಗಲಿಲ್ಲ.

ದೊಡ್ಡ ವಿಮಾನ ತನ್ನ ಸುತ್ತಲಿನ ಗಾಳಿಯಲ್ಲಿ ತಾಸಿಗೆ ಸುಮಾರು 900 ಕಿಲೋಮೀಟರ್ ಹೋಗುತ್ತದೆ. ಆ ಗಾಳಿಯೇ ಮುಂದಕ್ಕೆ 150 ಹೋಗುತ್ತಿದ್ದರೆ ನೆಲದ ಲೆಕ್ಕದಲ್ಲಿ 1,050 ಆಯಿತು. ಎದುರಾದರೆ 750ಕ್ಕೆ ಇಳಿಯಿತು. 2020ರ ಫೆಬ್ರವರಿಯಲ್ಲಿ ಅಟ್ಲಾಂಟಿಕ್ ಮೇಲೆ ಕಿಯಾರಾ ಎಂಬ ಬಿರುಗಾಳಿ ಎದ್ದಾಗ ಬ್ರಿಟಿಷ್ ಏರ್‌ವೇಸ್‌ನ ಜಂಬೋ ವಿಮಾನ ನ್ಯೂಯಾರ್ಕಿನಿಂದ ಲಂಡನ್ನಿಗೆ 4 ತಾಸು 56 ನಿಮಿಷದಲ್ಲಿ ಮುಟ್ಟಿತು. ಮಾಮೂಲಾಗಿ ಆರೂವರೆ ತಾಸು ಬೇಕು. ವಾಪಸ್ ಹೋಗುವಾಗ ಏಳೂವರೆ, ಎಂಟು.

ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ದೇಶದ್ದೇ ಇದೆ. 2016ರ ಅಕ್ಟೋಬರಿನಲ್ಲಿ ಏರ್ ಇಂಡಿಯಾ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಪಶ್ಚಿಮದ ಅಟ್ಲಾಂಟಿಕ್ ದಾರಿ ಬಿಟ್ಟು ಪೂರ್ವದ ಶಾಂತ ಸಾಗರದ ಮೇಲೆ ಕಳಿಸಿತು. ಹಳೆಯ ದಾರಿ ಸುಮಾರು 13,900 ಕಿಲೋಮೀಟರ್. ಹೊಸದು 15,300. ಜಾಸ್ತಿ ದೂರ. ಆದರೆ ಹದಿನಾಲ್ಕೂವರೆ ತಾಸಿನಲ್ಲಿ ಮುಟ್ಟಿತು, ಹಳೆಯ ದಾರಿಗಿಂತ ಸುಮಾರು ಎರಡು ತಾಸು ಕಡಿಮೆ! ಬೆನ್ನಿಗೆ ಗಾಳಿ ಸಿಕ್ಕಿತು, ಅಷ್ಟೇ. ಹತ್ತಿರದ ದಾರಿಯೇ ಬೇಗ ಮುಟ್ಟಿಸಬೇಕು ಅಂತೇನಿಲ್ಲ.

ಹಾಗಾಗಿ ಹೋಗುವ ದಾರಿ, ಬರುವ ದಾರಿ ಬೇರೆ ಬೇರೆ ಇರಬಹುದು. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ಬಂತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮುಂದಾಳತ್ವ. ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲರೂ ಹೆಣ್ಣುಮಕ್ಕಳು. ಶಾಂತ ಸಾಗರದ ಮೇಲೆ ಬಂದಿದ್ದರೆ ಎದುರುಗಾಳಿ ಹೊಡೆಯುತ್ತಿತ್ತು. ಅವರು ಉತ್ತರ ಧ್ರುವದ ಮೇಲೆ ಬಂದರು. ಸುಮಾರು 16,000 ಕಿಲೋಮೀಟರ್, 17 ತಾಸಿಗೂ ಜಾಸ್ತಿ. ಧ್ರುವದ ಮೇಲೆ ಹಾರೋದು ಸುಲಭದ ಮಾತಲ್ಲ. ಮಾಮೂಲು ದಿಕ್ಸೂಚಿ ಅಲ್ಲಿ ಕೆಲಸಕ್ಕೆ ಬರೋದಿಲ್ಲ. ವಿಮಾನದ ಇಂಧನ ಮೈನಸ್ 47 ಡಿಗ್ರಿಗೆ ಹೆಪ್ಪುಗಟ್ಟಲು ಶುರುವಾಗುತ್ತದೆ, ಹೊರಗಿನ ಗಾಳಿ ಅದಕ್ಕಿಂತ ತಣ್ಣಗಿರುತ್ತದೆ. ಟ್ಯಾಂಕಿನ ಉಷ್ಣತೆಯ ಮೇಲೆ ಕಣ್ಣಿಟ್ಟೇ ಇರಬೇಕು. ಇಲ್ಲಿ ಕೂತ ಹುಡುಗಿಯರು ಈ ಹೆಸರನ್ನು ನೆನಪಿಟ್ಟುಕೊಳ್ಳಿ ಅಂತ ಕೇಳಿಕೊಳ್ಳುತ್ತೇನೆ.

ಇಲ್ಲಿಗೆ ಬಂದಾಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ: “ಸರ್, ಭೂಮಿ ತಾನ ತಿರಗತೈತಲ್ರಿ, ವಿಮಾನ ಮ್ಯಾಲ ಹೋಗಿ ಸುಮ್ನ ನಿಂತ್ರ ಅಮೆರಿಕಾನ ಕೆಳಗ ಬರಂಗಿಲ್ಲೇನ್ರಿ?” ಸಭೆಯಲ್ಲಿ ಕೆಲವರು ನಕ್ಕರು. ನಗುವ ಪ್ರಶ್ನೆ ಅಲ್ಲ ಅದು, ಒಳ್ಳೆಯ ಪ್ರಶ್ನೆ. ನಮ್ಮ ಅಕ್ಷಾಂಶದಲ್ಲಿ ಭೂಮಿ ತಾಸಿಗೆ ಸುಮಾರು 1,600 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ತಿರುಗುತ್ತಿದೆ. ಆದರೆ ಗಾಳಿಯೂ ಭೂಮಿಯ ಜೊತೆಗೇ ತಿರುಗುತ್ತದೆ, ಗಾಳಿಯಲ್ಲಿರುವ ವಿಮಾನವೂ ಅದರ ಜೊತೆಗೇ. ಗಾಳಿ ತಿರುಗದೆ ನಿಂತಿದ್ದರೆ ವಿಜಯಪುರದಲ್ಲಿ ಯಾವಾಗಲೂ 1,600 ಕಿಲೋಮೀಟರ್ ವೇಗದ ಬಿರುಗಾಳಿ ಬೀಸಬೇಕಿತ್ತು. ಗೋಳಗುಮ್ಮಟ ಉಳಿಯುತ್ತಿರಲಿಲ್ಲ, ನಾವೂ ಉಳಿಯುತ್ತಿರಲಿಲ್ಲ. ಭೂಮಿಯ ತಿರುಗುವಿಕೆ ಸಹಾಯ ಮಾಡೋದು ಬೇರೆ ರೀತಿಯಲ್ಲಿ. ಬಿಸಿ ನಾಡಿನಿಂದ ಧ್ರುವದ ಕಡೆ ಹೊರಟ ಗಾಳಿಯನ್ನು ಅದು ಪೂರ್ವಕ್ಕೆ ತಿರುಗಿಸುತ್ತದೆ. ಈಗಷ್ಟೇ ಹೇಳಿದ ಜೆಟ್ ಸ್ಟ್ರೀಮ್ ಹುಟ್ಟೋದು ಹಾಗೆ.

ಸರಿ, ನಾವೇ ಅಂದಾಜು ಮಾಡೋದು ಹೇಗೆ? ನೇರ ದೂರವನ್ನು 850ರಿಂದ ಭಾಗಿಸಿ, ಏರಲು ಇಳಿಯಲು ಅರ್ಧ ತಾಸು ಸೇರಿಸಿ. ಬೆಂಗಳೂರು–ಲಂಡನ್ 8,050 ಕಿಲೋಮೀಟರ್, ಉತ್ತರ 10 ತಾಸು. ಸ್ಯಾನ್ ಫ್ರಾನ್ಸಿಸ್ಕೊ 14,000, ಉತ್ತರ 17. ಬೆಂಗಳೂರಿನಿಂದ ಬೆಳಗಾವಿಯ ಸಾಂಬ್ರಾಗೆ 445, ಉತ್ತರ ಒಂದು ತಾಸು. ಟಿಕೆಟ್ ಮೇಲೆ ಇದಕ್ಕಿಂತ ತುಸು ಜಾಸ್ತಿಯೇ ಬರೆದಿರುತ್ತಾರೆ. ಗೇಟ್ ಬಿಟ್ಟಾಗಿನಿಂದ ಗೇಟ್ ಸೇರುವವರೆಗೆ ಅವರ ಲೆಕ್ಕ, ರನ್‌ವೇಗೆ ಹೋಗಿ ಸರದಿ ಕಾಯುವುದೂ ಅದರಲ್ಲಿ ಬರುತ್ತದೆ.

ಟಿಕೆಟ್ಟಿನ ಗಡಿಯಾರದ ಬಗ್ಗೆ ಒಂದೇ ಮಾತು. ಅದರ ಮೇಲಿರುವ ಸಮಯ ಆಯಾ ಊರಿನದು. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಹದಿಮೂರೂವರೆ ತಾಸು ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಚಳಿಗಾಲದಲ್ಲಿ ಮಧ್ಯಾಹ್ನ ಎರಡೂವರೆಗೆ ಇಲ್ಲಿಂದ ಹೊರಟು 16 ತಾಸು ಹಾರಿದರೆ ಅಲ್ಲಿ ಅದೇ ತಾರೀಖಿನ ಸಂಜೆ ಐದು. ಎರಡೂವರೆ ತಾಸಿನಲ್ಲಿ ಅಮೆರಿಕ ಮುಟ್ಟಿದ ಹಾಗೆ ಕಾಣುತ್ತದೆ. ಬರುವಾಗ ಉಲ್ಟಾ. ಜೋಯಾ ಅವರ ವಿಮಾನ 9ನೇ ತಾರೀಖು ರಾತ್ರಿ ಹೊರಟು ಇಲ್ಲಿ 11ರ ಬೆಳಗಿನ ಜಾವ ಇಳಿಯಿತು. ತಾರೀಖು ನೋಡಿ ಮಕ್ಕಳನ್ನು ಕರೆತರಲು ಒಂದು ದಿನ ಮೊದಲೇ ಹೋಗಿ ಕೂರಬೇಡಿ.

ಕೊನೆಗೆ ನೆಲದ ಮಾತು. ನಮಗೆ ಇದೇ ದೊಡ್ಡದು.

ಬೆಂಗಳೂರಿನವರಿಗೆ ಪ್ರಯಾಣ ದೇವನಹಳ್ಳಿಯಲ್ಲಿ ಶುರು. ನಮಗೆ ಹಿಂದಿನ ರಾತ್ರಿ ಬಸ್ ಸ್ಟ್ಯಾಂಡಿನಲ್ಲಿ ಶುರು. ಸ್ಲೀಪರ್ ಬಸ್ಸಿನಲ್ಲಿ ಹತ್ತು ಹನ್ನೊಂದು ತಾಸು. ಗೋಳಗುಮ್ಮಟ ಎಕ್ಸ್‌ಪ್ರೆಸ್ ಹತ್ತಿದರೆ ಬಾಗಲಕೋಟೆ, ಗದಗ, ಹುಬ್ಬಳ್ಳಿ ಸುತ್ತಿ ಹೋಗುತ್ತದೆ, ಇನ್ನೂ ಜಾಸ್ತಿ ಹೊತ್ತು. ಅಂತರರಾಷ್ಟ್ರೀಯ ವಿಮಾನಕ್ಕೆ ಮೂರು ತಾಸು ಮುಂಚೆ ಹಾಜರಿರಬೇಕು. ಆ ಕಡೆ ಇಳಿದ ಮೇಲೆ ಇಮಿಗ್ರೇಷನ್, ಲಗೇಜು ಅಂತ ಒಂದೆರಡು ತಾಸು. ಎಲ್ಲ ಸೇರಿಸಿದರೆ 32, 33 ತಾಸು. ಅದರಲ್ಲಿ ಆಕಾಶದ ಪಾಲು 17. ಹದಿನಾಲ್ಕು ಸಾವಿರ ಕಿಲೋಮೀಟರಿಗೆ 17 ತಾಸು, ಐನೂರು ಚಿಲ್ಲರೆ ಕಿಲೋಮೀಟರಿಗೆ 11! ಪೈಲಟ್ ಎಷ್ಟೇ ಜಾಣತನದಿಂದ ಗಾಳಿ ಹಿಡಿದರೂ ಉಳಿಯೋದು ಒಂದೆರಡು ತಾಸು. ಬುರಣಾಪುರದ ಹತ್ತಿರದ ನಮ್ಮ ವಿಜಯಪುರದ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ಒಂದು ವಿಮಾನ ಸಮಯಕ್ಕೆ ಸರಿಯಾಗಿ ಹಾರಿದರೆ ಅದೊಂದರಿಂದಲೇ ಏಳೆಂಟು ತಾಸು ಉಳಿಯುತ್ತದೆ. ಅರವತ್ತು, ಎಪ್ಪತ್ತು ದಾಟಿದ ತಂದೆತಾಯಿಗೆ ಆ ಏಳೆಂಟು ತಾಸು ಅಂದರೆ ಏನು ಅಂತ ರಾತ್ರಿ ಬಸ್ಸಿನಲ್ಲಿ ಕಾಲು ಊದಿಸಿಕೊಂಡು ಇಳಿದವರಿಗೆ ಗೊತ್ತು. ಅದಕ್ಕೇ ಈ ನಿಲ್ದಾಣದ ಬಗ್ಗೆ ಕೇಳುತ್ತಲೇ ಇರಬೇಕು ಅಂತ ನಾನು ಅನ್ನೋದು.

ಅಲ್ಲಿಯವರೆಗೆ ಬೇರೆ ಊರುಗಳನ್ನೂ ನೋಡಿ. ಹೈದರಾಬಾದಿನ ವಿಮಾನ ನಿಲ್ದಾಣಕ್ಕೆ ನಮ್ಮಿಂದ ನೇರ ದೂರ ಸುಮಾರು 290 ಕಿಲೋಮೀಟರ್, ಬೆಂಗಳೂರಿಗಿಂತ ಬಹಳ ಹತ್ತಿರ. ನೇರ ವಿಮಾನ ಸಿಗದಿದ್ದರೆ ನಡುವೆ ಒಂದು ಕಡೆ ಬದಲಿಸಿದರೂ ದೂರವೇನೂ ವಿಪರೀತ ಜಾಸ್ತಿ ಆಗೋದಿಲ್ಲ. ಬೆಂಗಳೂರಿನಿಂದ ದುಬೈ ಮೇಲೆ ಹೋದರೆ ಒಟ್ಟು 15,700 ಕಿಲೋಮೀಟರ್, ಹಾಂಗ್‌ಕಾಂಗ್ ಮೇಲೆ 15,100, ಫ್ರಾಂಕ್‌ಫರ್ಟ್ ಮೇಲೆ 16,500. ಒಂದು ಪಶ್ಚಿಮಕ್ಕೆ, ಒಂದು ಪೂರ್ವಕ್ಕೆ, ಆದರೂ ಹೆಚ್ಚು ಫರಕಿಲ್ಲ. ಭೂಮಿಯ ಮೇಲೆ ಯಾವ ಎರಡು ಊರಿನ ನಡುವೆಯೂ ಸುಮಾರು 20,000 ಕಿಲೋಮೀಟರಿಗಿಂತ ಜಾಸ್ತಿ ದೂರ ಇರಲು ಸಾಧ್ಯವಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಹೆಚ್ಚುಕಡಿಮೆ ಭೂಮಿಯ ಆ ಮಗ್ಗುಲಿಗೇ ಇದೆ. ಹಾಗಾಗಿ ಯಾವ ಕಡೆಯಿಂದ ಹೋದರೂ ಅಷ್ಟಷ್ಟೇ.

ಮುಂದಿನ ಸಾಲಿನ ಅವ್ವಾರೊಬ್ಬರು ಕೇಳಿದರು, “ಹಂಗಾದ್ರ ನಾವು ವಯಸ್ಸಾದವ್ರು ಹೆಂಗ್ ಹೋಗೂದು ಚಲೋರಿ?” ನನ್ನ ಅಭಿಪ್ರಾಯ ಹೇಳುತ್ತೇನೆ. ನೇರ ವಿಮಾನ ಸಿಕ್ಕರೆ ಅದೇ ಒಳ್ಳೆಯದು, ಪರದೇಶದ ನಿಲ್ದಾಣದಲ್ಲಿ ಗೇಟ್ ಹುಡುಕುವ ಗೋಜಿಲ್ಲ. ಬದಲಿಸಲೇಬೇಕು ಅಂದರೆ ಎರಡೂ ವಿಮಾನ ಒಂದೇ ಟಿಕೆಟ್ಟಿನಲ್ಲಿ ಇರಲಿ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವಿಮಾನಕ್ಕೆ ಹತ್ತಿಸೋದು ಕಂಪನಿಯ ಕೆಲಸವಾಗುತ್ತದೆ. ನಡುವೆ ಮೂರು ತಾಸು ಬಿಡುವಿರಲಿ, ಒಂದೂವರೆ ತಾಸಿನದು ಅಗ್ಗ ಸಿಕ್ಕರೂ ಬೇಡ. ವೀಲ್‌ಚೇರ್ ಬೇಕು ಅಂತ ಟಿಕೆಟ್ ಮಾಡಿಸುವಾಗಲೇ ಹೇಳಿ. ಅವರೇ ಕರೆದುಕೊಂಡು ಹೋಗಿ ಮುಂದಿನ ಗೇಟಿನಲ್ಲಿ ಕೂರಿಸುತ್ತಾರೆ. ನಡೆಯಲು ಬರುತ್ತದಲ್ಲ ಅಂತ ಸಂಕೋಚ ಮಾಡಿಕೊಳ್ಳಬೇಡಿ, ಅಲ್ಲಿ ಗೇಟಿನಿಂದ ಗೇಟಿಗೆ ಬಹಳ ನಡೆಯಬೇಕಾಗುತ್ತದೆ. ವಿಮಾನದಲ್ಲಿ ತಾಸಿಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಓಡಾಡಿ, ನೀರು ಕುಡಿಯುತ್ತಿರಿ. ಬೆಂಗಳೂರಿಗೆ ಬೆಳಿಗ್ಗೆ ಇಳಿದು ಅದೇ ಮಧ್ಯಾಹ್ನ ವಿಮಾನ ಹತ್ತೋದಕ್ಕಿಂತ ಹಿಂದಿನ ದಿನವೇ ಹೋಗಿ ಬಂಧುಗಳ ಮನೆಯಲ್ಲಿ ಒಂದು ರಾತ್ರಿ ಮಲಗಿ ಹೊರಡಿ. ಬಸ್ಸಿನ ದಣಿವು ಆರಿರುತ್ತದೆ.